ಕಂದೀಲನ ಪಾಲು

ಸೀಗಿ ಹುಣ್ಣಿವಿ ಮರುದಿನ ಕೆಮ್ಮಿನ್ಯಾಗ ರಕ್ತ ಬಿತ್ತು.
ಸೆರಗಿಲೆ ಒರಸಿ ಸುಮ್ಮನಾದೆ:
ಕಟಕರ ಮನಿ ಹೆಂಗಸಿನ ಸೆರಗಿನ್ಯಾಗ
ರಕ್ತದ ಕಲಿ ಯಾರು ನೋಡತಾರ?

ಎರಡು ತಿಂಗಳಿಗೆ ನೋಡಿದ್ರು.
ಬಾಗಲಕೋಟಿ ದವಾಖಾನಿ. ಎದಿ ಫೋಟೋ ಹಿಡಕೊಂಡು
ಸಣ್ಣ ಡಾಕ್ಟರ ನನ್ನ ಗಂಡನ್ನ ಹೊರಗ ಕರದ.
ಗಾಜಿನ ಬಾಗಲಾ. ಮಾತು ಕೇಳಲಿಲ್ಲ,
ದತ್ತೂಬಾನ ಕೈ ಕಂಡ್ವು:
ಹೋತ ಎತ್ತಿ ಎತ್ತಿ ತೂಕ ಹೇಳೋ ಕೈ
ಏನೂ ಹಿಡೀದ ತೂಗತಿದ್ವು.

ಬೀಡಿ ಸೇದತೀಯೇನ? ತಂಬಾಕ ತಿಂತೀಯೇನ?
ನನ್ನ ಕೇಳಿದ್ದು ಇಷ್ಟ.
ಸೂಜಿ ಚುಚ್ಚಿ ತುಣುಕು ತಗೀಬೇಕು, ಸೋಮಾರ ಬರ್ರಿ.
ಮನ್ಯಾಗ ಆ ಶಬ್ದ ಯಾರೂ ಆಡಲಿಲ್ಲ.
"ಅದು" ಅಂದ್ರು. "ಅಂಥಾದ್ದು" ಅಂದ್ರು.

ಆ ವಾರ ನಾ ಸಾಯೂ ಕೆಲಸಾ ಹಚಗೊಂಡೆ.
ಉದ್ರಿ ವಹಿ ತಂದು ಮೂರು ಮನಿ ಹೆಸರಿಗೆ ಗೀಟು ಹೊಡದೆ.
ಹನ್ನೊಂದು ವರ್ಷ ಮಾತು ಬಿಟ್ಟ ನಾದಿನಿ ತಾನವ್ವನ್ನ ಕರಸಿ
ಬುಗುಡಿ ಬಿಚ್ಚಿ ಆಕಿ ಅಂಗೈಯಾಗಿಟ್ಟೆ.
ಆಕಿ ಅತ್ತಳು. ಅಳಕೋತನ
ಬುಗುಡಿ ತಿರುವು ಗಟ್ಟಿ ಐತೇನು ನೋಡಿದಳು.
ಸಿಟ್ಟು ಬರಲಿಲ್ಲ. ಅಷ್ಟು ಹಗರ ಆಗಿದ್ದೆ.

ಕಂದೀಲ ಮಾತ್ರ ಹಾಸಿಗಿ ಬಿಡಲಿಲ್ಲ.
ಕೆಮ್ಮಿದಾಗೊಮ್ಮೆ ಕಿವಿ ನಿಗರಿಸಿ
ನನ್ನ ಕೈ ನೆಕ್ಕತಿತ್ತು.

ಸೋಮಾರ. ಸೂಜಿ ಸಿದ್ಧ.
ಬಿಳಿ ಮೀಸಿಯವ ಒಬ್ಬ ಫೋಟೋ ದೀಪಕ್ಕ ಹಿಡದು
ಭಾಳ ಹೊತ್ತು ನಿಂತ. ಸೂಜಿ ಕೆಳಗಿಡ್ರಿ ಅಂದ.
ತಿರುಗಿದ. ನನ್ನ ಕಡೆ, ಗಂಡನ ಕಡೆ ಅಲ್ಲ.
"ಯವ್ವಾ, ನೀ ಏನ್ ಕೆಲಸಾ ಮಾಡತಿ?"

ಹೇಳಿದೆ. ಅಮೀನಗಡ ಸಂತಿ ಕುರಿ, ನಮ್ಮ ಅಂಗಡಿ,
ನಾ ಬೋಟಿ ತೊಳಿಯೂದು, ಕರಳು ತಿರುವೂದು.
ನಾಯಿ?
ಐತ್ರಿ.
ಅದಕ ಏನ್ ಹಾಕತಿ?
ಗಿರಾಕಿ ಒಲ್ಲೆ ಅಂದದ್ದು. ಗುಳ್ಳಿ ಎದ್ದ ಕಲೀಜ,
ಗುಳ್ಳಿ ಎದ್ದ ಪುಪ್ಪಸ.
ಅವ ಕಣ್ಣು ಮುಚ್ಚಿ ನಕ್ಕ. ನಗೂವಂಥಾದ್ದು ಏನಿತ್ತೋ.

ಎದಿ ಸೀಳಿದ್ರು. ಮೂರನೇ ದಿನ
ಬಾಟ್ಲಿಯೊಳಗ ತೋರಿಸಿದ್ರು: ಬಿಳೇದು, ನುಣ್ಣಂದು,
ಕುದಿಸಿ ಸುಲಿದ ತತ್ತಿ ಮ್ಯಾಲಿನ ಪದರಿನಂಥಾದ್ದು.
ಒಳಗ ತಿಳಿನೀರು ಇತ್ತಂತ. ಹುಳದ ಮನಿಯಂತ.
ಉದ್ದನ್ನ ಹೆಸರೊಂದು ಹೇಳಿದ್ರು, ನಾಲಿಗಿ ತಿರುಗಲಿಲ್ಲ.
ನನಗ್ಯಾಕ ಹೆಸರು? ಗುರುತೇ ಇತ್ತಲ್ಲ.
ಇಪ್ಪತ್ತಾರು ವರ್ಷ ಇದನ್ನ ಕೊಯ್ದು ಎಸದೀನಿ
ಕಂದೀಲಗ, ಕಂದೀಲನ ಅವ್ವಗ, ಆಕಿ ಅವ್ವಗ:
"ಹಿಡಿ, ನಿನ್ನ ಪಾಲು."
ನಾಯಿ ಹೊಟ್ಟಿ, ನಾಯಿ ಕೂದಲಾ, ನನ್ನ ಅಂಗೈ, ನನ್ನ ರೊಟ್ಟಿ,
ಸುತ್ತು ಹಾಕಿ ಬಂದು
ಎಡಗಡೆ ಎದ್ಯಾಗ ಕುಂತಿತ್ತು.

ಸಾಯೂದಿಲ್ಲ ಅಂದ್ರು. ಸಂತೋಷ ಆತು.
ಸುಳ್ಳ ಯಾಕ ಹೇಳಲಿ, ಸ್ವಲ್ಪ ನಾಚಿಕೀನೂ ಆತು.
ಗೀಟು ಹೊಡದ ಹೆಸರು
ಬೆಳಕಿಗೆ ಹಿಡದ್ರ ಇನ್ನೂ ಓದಾಕ ಬರತಾವ.
ತಾನವ್ವ ಬಂದಳು. ಬುಗುಡಿ ಹಾಕ್ಕೊಂಡ ಬಂದಳು.
ಇಬ್ಬರೂ ಅದರ ಮಾತು ತಗೀಲಿಲ್ಲ.
ಚಹಾ ಕುಡದು, ನಾಳಿ ಬರತೀನಂತ ಹೋದಳು.
ನಾಳಿ ಬಂದಳು ಸೈತ.

ಹಿತ್ತಲದಾಗ ದತ್ತೂಬಾ ಕುಣಿ ತೋಡ್ಯಾನ,
ಗುಳ್ಳಿ ಎದ್ದದ್ದೆಲ್ಲಾ ಈಗ ಸುಣ್ಣದ ಕೂಡ ಅಲ್ಲೆ.
ನನಗ ಎರಡು ಹೊತ್ತು ಗುಳಗಿ.
ಕಂದೀಲಗೂ ಬರದು ಕೊಟ್ಟಾರ, ಕೊಬ್ಬಿನ್ಯಾಗ ಮುಚ್ಚಿ ಕೊಡತೀನಿ.
ಅದು ಕೊಬ್ಬು ನುಂಗಿ ಗುಳಗಿ ಉಗಳತೈತಿ,
ಮತ್ತ ಹೊಸ್ತಿಲ ಹೊರಗ ಕುಂತು
ನನ್ನ ಕೈ ನೋಡತೈತಿ.

ಎರಡು ಸಲ ಸೋಪು ಹಚ್ಚಿ ತೊಳದ ಕೈ.
ಮೂಸತೈತಿ, ಹಿಂದ ಸರೀತೈತಿ.
ಯಾರ ಕೈ ಇವು ಅಂತ
ಅದಕ ತಿಳೀವಲ್ದು.